ಕೊರಿಯನ್ ಭಾಷೆಯಲ್ಲಿ ತಲೆನೋವನ್ನು ಹೇಳಿಕೊಳ್ಳುವ ಬಗೆ

ಓದಿಗೋ ಕೆಲಸಕ್ಕೋ ದಕ್ಷಿಣ ಕೊರಿಯಾಕ್ಕೆ ಹೊರಡುವವರು ಮೊದಲು ಕಲಿಯುವುದು ನಮಸ್ಕಾರ ಹೇಳುವುದನ್ನು, ಬೆಲೆ ಕೇಳುವುದನ್ನು ಮತ್ತು ಊಟಕ್ಕೆ ಮಾಂಸ ಬೇಡವೆಂದು ತಿಳಿಸುವುದನ್ನು. ಕಾಯಿಲೆಯ ಮಾತನ್ನು ಹೆಚ್ಚಿನವರು ಕೊನೆಗೆ ಉಳಿಸಿಕೊಳ್ಳುತ್ತಾರೆ. ಇದು ಸರಿಯಾದ ಕ್ರಮವಲ್ಲ ಎಂಬುದು ನನ್ನ ಅಭಿಪ್ರಾಯ. ಬೆಲೆಯನ್ನು ಬೆರಳೆಣಿಸಿಯಾದರೂ ತಿಳಿಸಬಹುದು. ತಲೆ ಯಾವ ಭಾಗದಲ್ಲಿ, ಎಂದಿನಿಂದ, ಯಾವ ರೀತಿ ನೋಯುತ್ತಿದೆ ಎಂಬುದನ್ನು ಕೈಸನ್ನೆಯಿಂದ ತಿಳಿಸಲಾಗದು. ಅಲ್ಲದೆ ತಲೆನೋವಿನ ವಾಕ್ಯವೊಂದು ಬಾಯಿಗೆ ಬಂದರೆ, ಅದೇ ಅಚ್ಚಿನಲ್ಲಿ ಹೊಟ್ಟೆ, ಹಲ್ಲು, ಗಂಟಲಿನ ನೋವುಗಳನ್ನೂ ಹೇಳಬಹುದು.

ಉಚ್ಚಾರಣೆ

ಇಲ್ಲಿ ಕೊರಿಯನ್ ಮಾತುಗಳನ್ನು ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ. ಕನ್ನಡದಲ್ಲಿಲ್ಲದ ಎರಡು ಸ್ವರಗಳಿಗಾಗಿ ಒಂದು ಒಪ್ಪಂದವನ್ನು ಮಾಡಿಕೊಳ್ಳೋಣ. ಹ್ರಸ್ವವಾದ ‘ಒ’ ಮತ್ತು ‘ಉ’ ಬರೆದಲ್ಲಿ ತುಟಿಗಳನ್ನು ದುಂಡಗೆ ಮಾಡಬಾರದು: ‘ಒ’ ಎಂಬುದನ್ನು ಬಾಯಿ ತುಸು ತೆರೆದು ಅಕಾರದ ಕಡೆಗೆ ವಾಲಿಸಿ, ‘ಉ’ ಎಂಬುದನ್ನು ನಸುನಗುವಾಗಿನಂತೆ ತುಟಿಗಳನ್ನು ಅಗಲಿಸಿ ಉಚ್ಚರಿಸಬೇಕು. ದೀರ್ಘವಾದ ‘ಓ’ ಮತ್ತು ‘ಊ’ ಬರೆದಲ್ಲಿ ತುಟಿಗಳು ದುಂಡಗಾಗಬೇಕು, ಆದರೆ ಧ್ವನಿಯನ್ನು ಎಳೆಯಬೇಕಾಗಿಲ್ಲ. ಅದೇ ರೀತಿ ‘ಆ’ ಎಂದಿರುವಲ್ಲಿಯೂ ಎಳೆತ ಬೇಡ.

ಮಹಾಪ್ರಾಣಗಳ ವಿಷಯದಲ್ಲಿ ಕನ್ನಡಿಗರಿಗೆ ಅನುಕೂಲವಿದೆ, ಏಕೆಂದರೆ ಪ-ಫ, ತ-ಥ, ಚ-ಛಗಳ ವ್ಯತ್ಯಾಸವನ್ನು ನಮ್ಮ ಲಿಪಿಯೇ ತೋರಿಸುತ್ತದೆ. ಆದರೆ ಇಲ್ಲಿನ ‘ಫ’ವನ್ನು ‘ಫೋನು’, ‘ಫ್ಯಾನು’ಗಳಲ್ಲಿರುವಂತೆ ಹಲ್ಲು ತಾಗಿಸಿ ಹೇಳದೆ, ತುಟಿ ಮುಚ್ಚಿ ಬಿಡುವಾಗ ಉಸಿರು ಹೊರಡುವ ‘ಪ್ಹ’ ಎಂದೇ ಹೇಳಬೇಕು. ವರ್ಣಮಾಲೆಯಲ್ಲಿ ಕಲಿತು ಮತ್ತೆಂದೂ ಬಳಸದ ‘ಙ’ ಅಕ್ಷರಕ್ಕೂ ಇಲ್ಲಿ ಕೆಲಸ ಸಿಗುತ್ತದೆ. ಕೊರಿಯನ್ ಪದಗಳ ಕೊನೆಯಲ್ಲಿ ಅದು ಧಾರಾಳವಾಗಿ ಬರುತ್ತದೆ. ಪದದ ಆರಂಭದಲ್ಲಿರುವ ಗ, ಜ, ದ, ಬಗಳು ಕಿವಿಗೆ ಕ, ಚ, ತ, ಪಗಳಂತೆ ಕೇಳಿಸುತ್ತವೆ ಎಂಬುದೂ ನೆನಪಿರಲಿ. ಇಷ್ಟಾದರೂ ಈ ಬರಹ ಒಂದು ಊರುಗೋಲು ಮಾತ್ರ. ರಾಜ ಸೆಜೋಙ್ 1446ರಲ್ಲಿ ಪ್ರಕಟಿಸಿದ ಹಾಂಗುಲ್ ಲಿಪಿಯನ್ನು ಕೆಲವೇ ದಿನಗಳಲ್ಲಿ ಕಲಿಯಬಹುದಾದ್ದರಿಂದ ಈ ಊರುಗೋಲನ್ನು ಬೇಗನೆ ಬಿಡುವುದು ಒಳ್ಳೆಯದು.

ಮೂಲ ವಾಕ್ಯ

‘ಮೊರಿಗಾ ಆಫಾಯೋ’ ಎಂಬುದು ಕಲಿಯಬೇಕಾದ ಮೊದಲ ವಾಕ್ಯ. ‘ಮೊರಿ’ ಎಂದರೆ ತಲೆ. ಕೂದಲಿಗೂ ಅದೇ ಪದ. ‘ಗಾ’ ಎಂಬುದು ಕರ್ತೃವನ್ನು ಗುರುತಿಸುವ ಪ್ರತ್ಯಯ. ವ್ಯಂಜನದಿಂದ ಕೊನೆಗೊಳ್ಳುವ ಪದಕ್ಕೆ ಇದರ ಬದಲು ‘ಇ’ ಬರುತ್ತದೆ. ‘ಆಫಾಯೋ’ ಎಂಬುದರ ನಿಘಂಟಿನ ರೂಪ ‘ಆಫುದಾ’. ಅದರಲ್ಲಿನ ‘ದಾ’ವನ್ನು ತೆಗೆದು ‘ಆಯೋ’ ಸೇರಿಸಿದಾಗ ನಡುವಿನ ಉಕಾರ ಬಿದ್ದುಹೋಗುತ್ತದೆ. ‘ಮಾತು’ ಮತ್ತು ‘ಇಲ್ಲ’ ಸೇರಿ ‘ಮಾತಿಲ್ಲ’ ಆಗುವ ಲೋಪಸಂಧಿಯನ್ನು ಶಾಲೆಯಲ್ಲಿ ಓದಿದವರಿಗೆ ಇದನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ. ತಲೆಯ ಜಾಗದಲ್ಲಿ ಬೇರೆ ಅಂಗವನ್ನು ಇಟ್ಟರೆ ‘ಬೆಗಾ ಆಫಾಯೋ’ ಎಂದು ಹೊಟ್ಟೆನೋವು, ‘ಇಗಾ ಆಫಾಯೋ’ ಎಂದು ಹಲ್ಲುನೋವು, ‘ಮೋಗಿ ಆಫಾಯೋ’ ಎಂದು ಗಂಟಲುನೋವು ಆಗುತ್ತದೆ.

ಕ್ರಿಯಾಪದ ಕೊನೆಗೆ ಬರುವುದು, ವಿಭಕ್ತಿ ಪ್ರತ್ಯಯಗಳು ಪದದ ಹಿಂದೆ ಅಂಟುವುದು, ‘ನಾನು’ ಎಂಬುದನ್ನು ಹೇಳದೆ ಬಿಡುವುದು ಇವೆಲ್ಲ ನಮಗೆ ಹೊಸದಲ್ಲ. ಎರಡೂ ಭಾಷೆಗಳ ಹೊಂದಿಕೆ ಇಷ್ಟು ಚೆನ್ನಾಗಿರುವುದರಿಂದಲೇ, ಹೊಂದಿಕೆ ತಪ್ಪುವ ಎರಡು ಕಡೆಗಳಲ್ಲಿ ಕನ್ನಡಿಗರು ಎಡವುತ್ತಾರೆ.

ಮೊದಲನೆಯದು ‘ನನಗೆ’ ಎಂಬ ಚತುರ್ಥಿ. ನಾವು ‘ನನಗೆ ತಲೆ ನೋಯುತ್ತಿದೆ’ ಎನ್ನುತ್ತೇವೆ. ಕೊರಿಯನ್ನಿನ ಚತುರ್ಥಿ ಪ್ರತ್ಯಯ ‘ಎಗೆ’ ಎಂದಿದ್ದು, ನಮ್ಮ ‘ಗೆ’ಯನ್ನು ಆಕಸ್ಮಿಕವಾಗಿ ಹೋಲುವುದರಿಂದ ‘ಜೊಎಗೆ ಮೊರಿಗಾ ಆಫಾಯೋ’ ಎಂಬ ವಾಕ್ಯ ತಾನಾಗಿಯೇ ನಾಲಿಗೆಗೆ ಬರುತ್ತದೆ. ಅದು ತಪ್ಪು. ನೋವು ಯಾರದೆಂದು ಹೇಳಲೇಬೇಕಾದಲ್ಲಿ ‘ಜೊನುನ್ ಮೊರಿಗಾ ಆಫಾಯೋ’ ಎನ್ನಬೇಕು. ಇಲ್ಲಿನ ‘ನುನ್’ ಚತುರ್ಥಿಯಲ್ಲ, ‘ನನ್ನ ವಿಷಯಕ್ಕೆ ಬಂದರೆ’ ಎಂಬ ಅರ್ಥದ ಪ್ರತ್ಯಯ. ಎರಡನೆಯದು ‘ಉತ್ತಿದೆ’ ಎಂಬ ರೂಪ. ‘ನೋಯುತ್ತಿದೆ’ ಎಂಬುದನ್ನು ಅನುಕರಿಸಿ ‘ಆಫುಗೋ ಇಸ್ಸೊಯೋ’ ಎಂದರೆ ಕೊರಿಯನ್ನರಿಗೆ ವಿಚಿತ್ರವಾಗಿ ಕೇಳಿಸುತ್ತದೆ. ‘ಆಫುದಾ’ ಎಂಬುದು ಕೊರಿಯನ್ ವ್ಯಾಕರಣದಲ್ಲಿ ಸ್ಥಿತಿಯನ್ನು ವರ್ಣಿಸುವ ಪದ. ‘ದೊಡ್ಡದು’, ‘ಬಿಸಿ’ ಮುಂತಾದವುಗಳ ಸಾಲಿಗೆ ಸೇರಿದ ಅದಕ್ಕೆ ನಡೆಯುತ್ತಿರುವ ಕೆಲಸವನ್ನು ತೋರಿಸುವ ರೂಪವಿಲ್ಲ. ಈಗ ನೋಯುತ್ತಿದ್ದರೂ ಆಗಾಗ ನೋಯುವುದಾದರೂ ‘ಆಫಾಯೋ’ ಸಾಕು. ನಿನ್ನೆ ನೋಯುತ್ತಿತ್ತು ಎನ್ನಲು ‘ಆಫಾಸ್ಸೊಯೋ’ ಎನ್ನಬೇಕು.

ಮರ್ಯಾದೆಯ ಸ್ತರವನ್ನು ವಾಕ್ಯದ ತುದಿ ನಿರ್ಧರಿಸುತ್ತದೆ. ಸಮವಯಸ್ಕ ಗೆಳೆಯರಲ್ಲಿ ‘ಯೋ’ ಬಿಟ್ಟು ‘ಮೊರಿ ಆಫಾ’ ಎಂದರೆ ಸಾಕು. ಅಂಗಡಿ, ತರಗತಿ, ಆಸ್ಪತ್ರೆ ಎಲ್ಲಕ್ಕೂ ‘ಆಫಾಯೋ’ ಹೊಂದುತ್ತದೆ. ಕಚೇರಿಯ ಹಿರಿಯರ ಮುಂದೆ ಇನ್ನೂ ಗಂಭೀರವಾಗಿ ಹೇಳಬೇಕೆನಿಸಿದರೆ ‘ಆಫುಮ್ನಿದಾ’ ಎಂಬುದಿದೆ. ವೈದ್ಯರು ‘ಆಫುಸೆಯೋ’ ಎಂದು ಕೇಳಿದ್ದನ್ನು ಕೇಳಿಸಿಕೊಂಡು ಅದನ್ನೇ ಉತ್ತರವಾಗಿ ಮರಳಿಸಬಾರದು. ಅದರಲ್ಲಿನ ‘ಸೆ’ ಎದುರಿಗಿರುವವರಿಗೆ ಕೊಡುವ ಗೌರವ. ತನಗೆ ತಾನೇ ಅದನ್ನು ಕೊಟ್ಟುಕೊಂಡರೆ, ನಮ್ಮಲ್ಲಿ ‘ನಾನು ಬಂದರು’ ಎಂದಂತೆ ಆಗುತ್ತದೆ.

‘ದೂಥೋಙ್’ ಎಂಬ ಇನ್ನೊಂದು ದಾರಿ

ತಲೆನೋವಿಗೆ ಕೊರಿಯನ್ನಿನಲ್ಲಿ ‘ದೂಥೋಙ್’ ಎಂಬ ನಾಮಪದವೂ ಇದೆ. ಇದು ಚೀನೀ ಮೂಲದ್ದು. ‘ದೂ’ ಎಂದರೆ ತಲೆ, ‘ಥೋಙ್’ ಎಂದರೆ ನೋವು. ಕನ್ನಡದಲ್ಲಿ ತಲೆನೋವಿನ ಪಕ್ಕದಲ್ಲಿ ಶಿರೋವೇದನೆ ಇರುವಂತೆಯೇ ಇದು ಇದೆ, ಆದರೆ ಶಿರೋವೇದನೆಯಷ್ಟು ಪುಸ್ತಕದ ಪದವಲ್ಲ. ದಿನಬಳಕೆಯಲ್ಲಿ ಧಾರಾಳವಾಗಿ ಕೇಳಿಸುತ್ತದೆ. ಇದರೊಡನೆ ‘ಆಫಾಯೋ’ ಸೇರಿಸಿದರೆ ‘ತಲೆನೋವು ನೋಯುತ್ತಿದೆ’ ಎಂದಂತಾಗುವುದರಿಂದ, ‘ದೂಥೋಙಿ ಇಸ್ಸೊಯೋ’ ಅಂದರೆ ತಲೆನೋವಿದೆ ಎಂದೋ, ‘ದೂಥೋಙಿ ಶಿಮ್ಹೆಯೋ’ ಅಂದರೆ ತಲೆನೋವು ಜೋರಾಗಿದೆ ಎಂದೋ ಹೇಳಬೇಕು. ಅರೆತಲೆನೋವು ‘ಫ್ಯೊನ್‌ದೂಥೋಙ್’. ‘ಥೋಙ್’ ಗುರುತಾದರೆ ಔಷಧದ ಡಬ್ಬಿಯ ಮೇಲಿನ ಬರಹವೂ ಅರ್ಥವಾಗತೊಡಗುತ್ತದೆ: ‘ಛಿಥೋಙ್’ ಹಲ್ಲುನೋವು, ‘ಯೋಥೋಙ್’ ಸೊಂಟನೋವು, ‘ಸೆಙ್ನಿಥೋಙ್’ ಮುಟ್ಟಿನ ನೋವು, ‘ಜಿನ್‌ಥೋಙ್‌ಜೆ’ ನೋವು ನಿವಾರಕ.

ನೋವಿನ ಬಗೆಯನ್ನು ಹೇಳುವುದು

ಕೊರಿಯನ್ ಭಾಷೆಯ ನಿಜವಾದ ಶ್ರೀಮಂತಿಕೆ ಇಲ್ಲಿದೆ. ‘ಚುಳ್ ಚುಳ್’ ಎನ್ನುತ್ತದೆ, ‘ಗಿರ್ರನೆ’ ತಿರುಗುತ್ತದೆ, ‘ಧಿಮ್’ ಎನ್ನುತ್ತದೆ ಎಂದು ಅನುಕರಣಾವ್ಯಯಗಳಲ್ಲೇ ರೋಗಲಕ್ಷಣವನ್ನು ಹೇಳಿಕೊಳ್ಳುವ ನಮಗೆ ಈ ಭಾಗ ಕಷ್ಟವಾಗಲಾರದು. ನಾಡಿಯ ಬಡಿತದೊಂದಿಗೆ ಮಿಡಿಯುವ ನೋವಿಗೆ ‘ಮೊರಿಗಾ ಜಿಕ್ಕುನ್‌ಜಿಕ್ಕುನ್ ಆಫಾಯೋ’ ಎನ್ನುತ್ತಾರೆ; ತಲೆನೋವಿನೊಂದಿಗೆ ಅತ್ಯಂತ ಗಟ್ಟಿಯಾಗಿ ಅಂಟಿಕೊಂಡಿರುವ ಪದವಿದು. ಗಾಯವೋ ಹಲ್ಲೋ ಮಿಡಿದಂತೆ ಆಳದಿಂದ ಬರುವ ನೋವಿಗೆ ‘ಊಕ್ಶಿನ್‌ಊಕ್ಶಿನ್’, ಸೂಜಿ ಚುಚ್ಚಿದಂತಿರುವ ನೋವಿಗೆ ‘ಖೋಕ್‌ಖೋಕ್’, ಮಿಂಚು ಹರಿದಂತಿರುವುದಕ್ಕೆ ‘ಚಿರಿತ್‌ಚಿರಿತ್’ ಎಂಬ ಪದಗಳಿವೆ. ನಿದ್ದೆಗೆಟ್ಟ ಮರುದಿನ ತಲೆ ಜಡ್ಡುಗಟ್ಟಿ, ಯೋಚನೆಯೇ ಓಡದಂತಾದಾಗ ‘ಮೊರಿಗಾ ತಿಙ್ಹೆಯೋ’ ಎನ್ನಬೇಕು. ಇಲ್ಲಿನ ‘ತಿ’ಯನ್ನು ಉಸಿರು ಬಿಡದೆ ಬಿಗಿಯಾಗಿ ಹೇಳಬೇಕು. ತಲೆ ಭಾರವಾಗಿದ್ದರೆ ‘ಮೊರಿಗಾ ಮೂಗೊವೊಯೋ’.

ನೋವು ಸಹಿಸಲಾಗದಷ್ಟಿದ್ದರೆ ‘ಮೊರಿಗಾ ಕೆಜಿಲ್ ಕೊತ್ ಗಾಥಾಯೋ’ ಎಂಬ ವಾಕ್ಯವಿದೆ. ‘ತಲೆ ಒಡೆದುಹೋಗುವ ಹಾಗಿದೆ’ ಎಂಬ ನಮ್ಮ ಮಾತಿನ ಪದಕ್ಕೆ ಪದ ಹೊಂದುವ ವಾಕ್ಯವಿದು. ‘ಕೊತ್ ಗಾಥಾಯೋ’ ಎಂಬುದನ್ನು ‘ಹಾಗಿದೆ’ ಎಂದೇ ನೆನಪಿಟ್ಟರೆ, ವಾಂತಿಯಾಗುವ ಹಾಗಿದೆ ಎನ್ನಲು ‘ಥೋಹಾಲ್ ಕೊತ್ ಗಾಥಾಯೋ’ ಎಂದು ನೀವೇ ಕಟ್ಟಬಹುದು.

ಇನ್ನು ಕೆಲವು ಲಕ್ಷಣಗಳು ತಲೆನೋವಿನ ಜೊತೆಗೇ ಬರುವುದರಿಂದ ಅವನ್ನೂ ಜೊತೆಗೇ ಕಲಿಯಬೇಕು. ತಲೆ ಸುತ್ತುತ್ತಿದ್ದರೆ ‘ಒಜಿರೊವೊಯೋ’, ಹೊಟ್ಟೆ ತೊಳೆಸುತ್ತಿದ್ದರೆ ‘ಸೋಗಿ ಮೆಸುಕ್ಕೊವೊಯೋ’, ವಾಂತಿಯಾಗಿದ್ದರೆ ‘ಥೋಹೆಸ್ಸೊಯೋ’, ಜ್ವರವಿದ್ದರೆ ‘ಯೊರಿ ನಾಯೋ’. ಪಿತ್ತ ಹೆಚ್ಚಾಗಿ ತಲೆನೋವು ಬಂದಿದೆ ಎಂಬ ನಮ್ಮ ಮನೆಮಾತನ್ನು ಅಲ್ಲಿ ಅನುವಾದಿಸಲು ಹೋಗಬಾರದು. ಆದರೆ ಅದಕ್ಕೆ ಹತ್ತಿರದ ಅವರದೇ ನಂಬಿಕೆಯೊಂದಿದೆ. ಉಂಡದ್ದು ಹೊಟ್ಟೆಯಲ್ಲಿ ಕಟ್ಟಿಕೊಂಡು ತಲೆ ನೋಯುತ್ತದೆ ಎಂದು ಕೊರಿಯನ್ನರು ಬಹಳವಾಗಿ ಹೇಳುತ್ತಾರೆ. ‘ಛೆಹೆಸ್ಸೊಯೋ?’ ಎಂದು ಮನೆಯ ಯಜಮಾನಿಯೋ ಔಷಧದಂಗಡಿಯವರೋ ಕೇಳಿದರೆ ಅವರು ವಿಚಾರಿಸುತ್ತಿರುವುದು ಅದನ್ನೇ. ಹಳೆಯ ಕಾಲದ ಹಿರಿಯರಿದ್ದರೆ ಹೆಬ್ಬೆರಳಿನ ತುದಿಗೆ ಸೂಜಿ ಚುಚ್ಚಿ ಒಂದು ಹನಿ ರಕ್ತ ತೆಗೆಯುವ ಉಪಚಾರಕ್ಕೂ ಮುಂದಾಗಬಹುದು. ಅದನ್ನು ವಿನಯದಿಂದ ತಪ್ಪಿಸಿಕೊಳ್ಳಲು ‘ಗ್ವೆನ್‌ಛಾನಾಯೋ’, ಅಂದರೆ ಪರವಾಗಿಲ್ಲ, ಎಂಬ ಪದ ಸಾಕಾಗುತ್ತದೆ.

ಎಲ್ಲಿ, ಎಂದಿನಿಂದ

ಜಾಗವನ್ನು ತೋರಿಸಲು ಬೆರಳಿಟ್ಟು ‘ಯೊಗಿಗಾ ಆಫಾಯೋ’, ಅಂದರೆ ಇಲ್ಲಿ ನೋಯುತ್ತಿದೆ, ಎಂದರೂ ನಡೆಯುತ್ತದೆ. ಆದರೆ ಫೋನಿನಲ್ಲಿ ಬೆರಳು ಕಾಣಿಸದು. ಹಣೆ ‘ಇಮಾ’, ಕಣ್ಣಿನ ಪಕ್ಕದ ಕಪೋಲದ ಮೇಲಿನ ಭಾಗ ‘ಗ್ವಾನ್‌ಜಾನೋರಿ’, ನಡುನೆತ್ತಿ ‘ಜೊಙ್ಸೂರಿ’, ಹಿಂದಲೆ ‘ದ್ವಿನ್‌ಮೊರಿ’. ಒಂದೇ ಪಕ್ಕ ನೋಯುತ್ತಿದ್ದರೆ ‘ಹಾನ್‌ಚೋಕ್ ಮೊರಿಗಾ ಆಫಾಯೋ’.

ಕಾಲಕ್ಕೆ ‘ಬೂಥೊ’ ಎಂಬ ಪ್ರತ್ಯಯ ಬೇಕು. ಇದು ನಮ್ಮ ‘ಇಂದ’ದ ಕೆಲಸವನ್ನೇ ಮಾಡುತ್ತದೆ: ‘ಆಛಿಮ್‌ಬೂಥೊ’ ಬೆಳಗಿನಿಂದ, ‘ಒಜೆಬೂಥೊ’ ನಿನ್ನೆಯಿಂದ. ವೈದ್ಯರ ಪ್ರಶ್ನೆಯಲ್ಲಿ ಬರುವ ‘ಒನ್‌ಜೆ’ ಎಂದರೆ ‘ಯಾವಾಗ’, ‘ಒಜೆ’ ಎಂದರೆ ‘ನಿನ್ನೆ’. ಒಂದು ನಕಾರದ ಅಂತರವನ್ನು ಕಿವಿ ಹಿಡಿಯಬೇಕು. ಮೂರು ದಿನಗಳಿಂದ ಎನ್ನಲು ‘ಸಾಮಿಲ್ ಜೊನ್‌ಬೂಥೊ’ ಎಂದರೆ ಗೊಂದಲವಿಲ್ಲ. ಮೂರು ದಿನಕ್ಕೆ ‘ಸಾಹುಲ್’ ಎಂಬ ಅಚ್ಚ ಕೊರಿಯನ್ ಪದವೂ ಉಂಟು, ಆದರೆ ನಾಲ್ಕನ್ನು ‘ಸಾ’ ಎನ್ನುವುದರಿಂದ ಇದನ್ನು ನಾಲ್ಕು ದಿನವೆಂದು ತಿಳಿಯುವವರು ಕೊರಿಯನ್ನರಲ್ಲೇ ಇದ್ದಾರೆ. 2020ರ ಜುಲೈನಲ್ಲಿ ಮೂರು ದಿನಗಳ ರಜೆಯ ಸುದ್ದಿ ಬಂದಾಗ ಈ ಪದದ ಅರ್ಥವನ್ನು ಅಂತರ್ಜಾಲದಲ್ಲಿ ಹುಡುಕಿದವರು ಬಹಳ ಮಂದಿ.

ಎಲ್ಲವನ್ನೂ ಸೇರಿಸಿದರೆ ಹೀಗಾಗುತ್ತದೆ: ‘ಒಜೆಬೂಥೊ ಹಾನ್‌ಚೋಕ್ ಮೊರಿಗಾ ಜಿಕ್ಕುನ್‌ಜಿಕ್ಕುನ್ ಆಫಾಯೋ’. ನಿನ್ನೆಯಿಂದ ತಲೆಯ ಒಂದು ಪಕ್ಕ ಮಿಡಿದು ನೋಯುತ್ತಿದೆ. ಪದಗಳ ಕ್ರಮ ಕನ್ನಡದ್ದೇ ಆಗಿರುವುದನ್ನು ಗಮನಿಸಿ. ಮೊದಲು ಕೊನೆಯ ಎರಡು ಪದಗಳನ್ನು ಹೇಳಿ, ಆಮೇಲೆ ಮುಂದೊಂದು ಮುಂದೊಂದಾಗಿ ಪದ ಸೇರಿಸುತ್ತ ಅಭ್ಯಾಸ ಮಾಡಿದರೆ ವಾಕ್ಯ ನಡುವಿನಲ್ಲಿ ಮುರಿಯುವುದಿಲ್ಲ.

ವೈದ್ಯರ ಮುಂದೆ, ಔಷಧದಂಗಡಿಯಲ್ಲಿ

ಹೇಳುವುದಕ್ಕಿಂತ ಕೇಳಿಸಿಕೊಳ್ಳುವುದಕ್ಕೆ ಇಲ್ಲಿ ಹೆಚ್ಚು ತಯಾರಿ ಬೇಕು. ಆಸ್ಪತ್ರೆಗೆ ‘ಬ್ಯೊಙ್ವೊನ್’ ಎನ್ನುತ್ತಾರೆ. ಬಡಾವಣೆಯ ಸಣ್ಣ ಕ್ಲಿನಿಕ್ಕಿಗೂ ಮಾತಿನಲ್ಲಿ ಅದೇ ಪದ. ಸಾಮಾನ್ಯ ತಲೆನೋವಿಗೆ ‘ನೆಕ್ವಾ’ ಎಂಬ ಫಲಕವಿರುವ ಕ್ಲಿನಿಕ್ಕಿಗೆ ಹೋದರೆ ಸಾಕು. ಪದೇಪದೇ ಕಾಡುವುದಕ್ಕೆ ನರರೋಗ ವಿಭಾಗವಾದ ‘ಶಿನ್‌ಗ್ಯೊಙ್‌ಕ್ವಾ’ ಇದೆ. ಆರು ತಿಂಗಳಿಗಿಂತ ಹೆಚ್ಚು ನೆಲೆಸುವ ವಿದೇಶೀಯರನ್ನು 2019ರ ಜುಲೈನಿಂದ ರಾಷ್ಟ್ರೀಯ ಆರೋಗ್ಯ ವಿಮೆಗೆ ಕಡ್ಡಾಯವಾಗಿ ಸೇರಿಸುತ್ತಿರುವುದರಿಂದ, ವಿಮೆಯಿದ್ದವರು ಸಣ್ಣ ಕ್ಲಿನಿಕ್ಕಿನ ಖರ್ಚಿಗೆ ಹಿಂಜರಿಯಬೇಕಾಗಿಲ್ಲ.

ಒಳಗೆ ಕಾಲಿಟ್ಟೊಡನೆ ಬರುವ ಮೊದಲ ಪ್ರಶ್ನೆ ಹೆಚ್ಚಾಗಿ ‘ಒತ್ತೊಖೆ ಓಶ್ಯೊಸ್ಸೊಯೋ?’ ಎಂಬುದು. ಇದರ ಪದಶಃ ಅರ್ಥ ‘ಹೇಗೆ ಬಂದಿರಿ?’ ಎಂದಾದರೂ, ಬಸ್ಸಿನಲ್ಲಿ ಬಂದೆ ಎಂದು ಉತ್ತರಿಸಬಾರದು. ಏಕೆ ಬಂದಿರಿ, ಏನು ತೊಂದರೆ ಎಂಬುದೇ ಅದರ ತಾತ್ಪರ್ಯ. ‘ಒದಿಗಾ ಆಫುಸೆಯೋ?’ ಎಂದರೆ ಎಲ್ಲಿ ನೋಯುತ್ತಿದೆ, ‘ಒನ್‌ಜೆಬೂಥೊ ಆಫುಶ್ಯೊಸ್ಸೊಯೋ?’ ಎಂದರೆ ಯಾವಾಗಿನಿಂದ. ವೈದ್ಯರನ್ನು ‘ಸೊನ್‌ಸೆಙ್ನಿಮ್’ ಎಂದೂ ಔಷಧ ಕೊಡುವವರನ್ನು ‘ಯಾಕ್ಸಾನಿಮ್’ ಎಂದೂ ಕರೆಯುವುದು ರೂಢಿ.

ಔಷಧ ಬರೆಯುವುದನ್ನೂ ಕೊಡುವುದನ್ನೂ 2000ದಲ್ಲಿ ಬೇರ್ಪಡಿಸಿರುವುದರಿಂದ, ವೈದ್ಯರು ಕೊಟ್ಟ ಚೀಟಿ ‘ಛೊಬಾಙ್‌ಜೊನ್’ ಹಿಡಿದು ‘ಯಾಕ್ಕೂಕ್’ಗೆ, ಅಂದರೆ ಔಷಧದಂಗಡಿಗೆ, ಹೋಗಬೇಕು. ಚೀಟಿ ಬೇಡದ ಮಾತ್ರೆಗಾದರೆ ನೇರವಾಗಿ ಅಲ್ಲಿಯೇ ಕೇಳಬಹುದು. ಇಲ್ಲಿ ವ್ಯಾಕರಣದ ಒಂದು ಸೂಕ್ಷ್ಮವಿದೆ. ‘ತಲೆ ನೋಯುತ್ತಿರುವುದರಿಂದ ಮಾತ್ರೆ ಕೊಡಿ’ ಎನ್ನಲು ‘ಆಫಾಸೊ’ ಬಳಸುವಂತಿಲ್ಲ, ಏಕೆಂದರೆ ‘ಸೊ’ ಎಂಬ ಕಾರಣಸೂಚಕದ ಬಳಿಕ ಕೋರಿಕೆಯಾಗಲಿ ಆಜ್ಞೆಯಾಗಲಿ ಬರಲಾಗದು. ‘ಮೊರಿಗಾ ಆಫುನ್‌ದೆ ದೂಥೋಙ್‌ನ್ಯಾಕ್ ಜೂಸೆಯೋ’ ಎಂಬುದು ಸಹಜವಾದ ಮಾತು. ‘ಸೊ’ ಬೇಕಾಗುವುದು ಕಾರಣವನ್ನಷ್ಟೇ ತಿಳಿಸುವಾಗ ಅಥವಾ ಅನುಮತಿ ಕೇಳುವಾಗ: ‘ಮೊರಿಗಾ ಆಫಾಸೊ ಜೋಥ್ವೆಹೆದೋ ದ್ವೆಲ್‌ಕಾಯೋ?’ ಎಂದರೆ ತಲೆನೋವಿರುವುದರಿಂದ ಬೇಗ ಹೊರಡಬಹುದೇ ಎಂದು ಕಚೇರಿಯಲ್ಲೋ ತರಗತಿಯಲ್ಲೋ ಕೇಳಿದಂತಾಗುತ್ತದೆ.

ಅಂಗಡಿಯಲ್ಲಿ ‘ಪ್ಯಾರಸಿಟಮಾಲ್’ ಎಂದರೆ ಎಲ್ಲರಿಗೂ ತಿಳಿಯದು. ಅಲ್ಲಿ ಅದರ ಹೆಸರು ‘ಆಸೆಥುಆಮಿನೋಫೆನ್’, ಜನ ಬಳಸುವ ಹೆಸರು ‘ಥಾಯಿರೆನೋಲ್’. ಬೆಂಗಳೂರಿನ ಕಂಪನಿಯ ಡೋಲೋ-650 ನುಂಗಿ ಅಭ್ಯಾಸವಿರುವವರು ಕೇಳಬೇಕಾದದ್ದು ಇದನ್ನೇ. ತಲೆನೋವಿಗೆ ಬಹುಕಾಲದಿಂದ ಮಾರಾಟವಾಗುತ್ತಿರುವ ‘ಗೆಬೋರಿನ್’ ಮಾತ್ರೆಯಲ್ಲಿಯೂ ಕೆಫೀನಿನ ಜೊತೆಗೆ ಇದೇ ಔಷಧವಿರುವುದರಿಂದ ಎರಡನ್ನೂ ಒಟ್ಟಿಗೆ ನುಂಗಬಾರದು. ‘ದಾರುನ್ ಯಾಕ್ ದುಶಿನುನ್ ಕೊ ಇಸ್ಸುಸೆಯೋ?’ ಎಂದರೆ ಬೇರೆ ಔಷಧ ತೆಗೆದುಕೊಳ್ಳುತ್ತಿದ್ದೀರಾ ಎಂಬ ಪ್ರಶ್ನೆ. ಇಲ್ಲದಿದ್ದರೆ ‘ಒಪ್ಸೊಯೋ’ ಎನ್ನಿ. ರಾತ್ರಿ ಅಂಗಡಿ ಮುಚ್ಚಿದ್ದರೆ ಚಿಂತೆಯಿಲ್ಲ: 2012ರ ನವೆಂಬರ್‌ನಿಂದ ದಿನವಿಡೀ ತೆರೆದಿರುವ ‘ಫ್ಯೊನಿಜೊಮ್’ ಎಂಬ ದಿನಸಿ ಮಳಿಗೆಗಳಲ್ಲಿ ಥಾಯಿರೆನೋಲ್‌ನಂತಹ ಕೆಲವು ಮಾತ್ರೆಗಳನ್ನು ಮಾರಲು ಅವಕಾಶವಿದೆ. ಒಮ್ಮೆಗೆ ಒಂದೇ ಪೊಟ್ಟಣ ಕೊಡುತ್ತಾರೆ, ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಕೊಡುವುದಿಲ್ಲ.

ಬಳಸುವ ಕ್ರಮವನ್ನು ‘ಹಾರೂಎ ಸೆ ಬೊನ್, ಶಿಖೂ ಸಾಮ್‌ಶಿಪ್ಪೂನ್’ ಎಂದು ಹೇಳುವುದುಂಟು. ದಿನಕ್ಕೆ ಮೂರು ಬಾರಿ, ಊಟವಾಗಿ ಮೂವತ್ತು ನಿಮಿಷಕ್ಕೆ ಎಂದರ್ಥ. ‘ಮೂರು’ ಎಂಬುದಕ್ಕೆ ಅಚ್ಚ ಕೊರಿಯನ್ ಸಂಖ್ಯೆಯನ್ನೂ ‘ಮೂವತ್ತು’ ಎಂಬುದಕ್ಕೆ ಚೀನೀ ಮೂಲದ ಸಂಖ್ಯೆಯನ್ನೂ ಒಂದೇ ಉಸಿರಿನಲ್ಲಿ ಬಳಸುವುದರಿಂದ ಇದನ್ನು ಬಿಡಿಸಿ ಕಲಿಯದೆ ಇಡಿಯಾಗಿ ಬಾಯಿಪಾಠ ಮಾಡುವುದೇ ಲೇಸು.

ಬೇರೆಯವರ ತಲೆನೋವು

ಗೆಳೆಯನ ಪರವಾಗಿ ಮಾತನಾಡಬೇಕಾದಾಗ ‘ಛಿನ್‌ಗೂಗಾ ಮೊರಿಗಾ ಆಫುದೆಯೋ’ ಎನ್ನಬೇಕು. ಕೊನೆಯ ‘ದೆಯೋ’ ನಮ್ಮ ‘ಅಂತೆ’ಗೆ ಸಮ: ಗೆಳೆಯನಿಗೆ ತಲೆ ನೋಯುತ್ತಿದೆಯಂತೆ. ಇನ್ನೊಬ್ಬರ ನೋವು ನಮಗೆ ನೇರವಾಗಿ ತಿಳಿಯದು ಎಂಬ ಸೂಕ್ಷ್ಮವನ್ನು ಕನ್ನಡಿಗರು ಕೊರಿಯನ್ನರಷ್ಟೇ ಸಹಜವಾಗಿ ಬಲ್ಲರು. ಹಿರಿಯರೊಬ್ಬರಿಗೆ ಮೈ ಹುಷಾರಿಲ್ಲವೆನ್ನಲು ‘ಫ್ಯೊನ್‌ಛಾನುಸೆಯೋ’ ಎಂಬ ಗೌರವದ ಪದವಿದೆ. ಅವರ ತಲೆಯೇ ನೋಯುತ್ತಿದೆ ಎನ್ನುವಾಗ ಮಾತ್ರ ‘ಮೊರಿಗಾ ಆಫುಸೆಯೋ’ ಎನ್ನುವುದು ಸರಿ.

‘ಗೋಲ್ಛಿ ಆಫಾಯೋ’ ಎಂಬ ಮಾತೂ ಕಿವಿಗೆ ಬೀಳುತ್ತದೆ. ಇದು ಬಾಡಿಗೆಯ ಕರಾರು, ವೀಸಾ ಕಾಗದಪತ್ರ ಮುಂತಾದವು ಕೊಡುವ ತಲೆನೋವಿಗೆ ಮೀಸಲು, ವೈದ್ಯರ ಮುಂದೆ ಹೇಳುವುದಲ್ಲ.

ತಲೆನೋವು ಒಮ್ಮೆಲೇ, ಹಿಂದೆಂದೂ ಅನುಭವಿಸದಷ್ಟು ತೀವ್ರವಾಗಿ ಬಂದರೆ, ಮಾತು ತೊದಲಿದರೆ, ಒಂದು ಕೈಯಲ್ಲಿ ಬಲ ಕುಂದಿದರೆ, ಜ್ವರದೊಂದಿಗೆ ಕುತ್ತಿಗೆ ಸೆಟೆದುಕೊಂಡರೆ ಮಾತ್ರೆ ಹುಡುಕುತ್ತ ಕೂರಬಾರದು. 119ಕ್ಕೆ ಕರೆ ಮಾಡಿ ಮೊದಲು ಇರುವ ಜಾಗವನ್ನು ಹೇಳಿ, ಬಳಿಕ ‘ಗಾಪ್ಚಾಗಿ ಮೊರಿಗಾ ನೊಮೂ ಆಫಾಯೋ’ ಎನ್ನಬೇಕು. ‘ಗಾಪ್ಚಾಗಿ’ ಎಂದರೆ ಇದ್ದಕ್ಕಿದ್ದಂತೆ, ‘ನೊಮೂ’ ಎಂದರೆ ವಿಪರೀತ. ತಲೆಗೆ ಪೆಟ್ಟು ಬಿದ್ದಿದ್ದರೆ ‘ಮೊರಿರುಲ್ ಬೂದಿಛ್ಯೊಸ್ಸೊಯೋ’ ಎಂಬುದನ್ನು ನೋವಿನ ಮಾತಿಗಿಂತ ಮುಂಚೆಯೇ ಹೇಳಬೇಕು.